ಮುಳ್ಳು ನಿಲ್ಲುವ ಜಾಗ

ಕೊಳವೆಬಾವಿ ಇರುವ ತೋಟಕ್ಕೆ ಹೋದರೆ ಪಂಪ್‌ಮನೆಯ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ಮುಂಭಾಗದಲ್ಲಿ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ಮೇಲ್ಗಡೆ ಗಾಜಿನ ಹಿಂದೆ ಎರಡು ಮೀಟರು. ಒಂದು ವೋಲ್ಟ್ ತೋರಿಸುತ್ತದೆ, ಇನ್ನೊಂದು ಆಂಪ್ಸ್. ಹಸಿರು ಗುಂಡಿ ಒತ್ತಿದ ಕೂಡಲೇ ಆಂಪ್ಸ್ ಮೀಟರಿನ ಮುಳ್ಳು ಬಲತುದಿಗೆ ಹಾರುತ್ತದೆ. ಮೋಟಾರು ವೇಗ ಹಿಡಿಯುತ್ತಿದ್ದಂತೆ ಇಳಿದು ಬಂದು ಒಂದು ಅಂಕಿಯ ಬಳಿ ನಿಲ್ಲುತ್ತದೆ. ಹೊರಡುವ ಕ್ಷಣದಲ್ಲಿ ಇಂಥ ಮೋಟಾರು ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಮುಳ್ಳು ಹಾರುವುದು ಅದಕ್ಕೇ. ಅದು ದಿನವೂ ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ತೋಟದವರಿಗೆ ಚೆನ್ನಾಗಿ ಗೊತ್ತು. ಅದಕ್ಕಿಂತ ಕೆಳಗೆ ನಿಂತರೆ ಬಾವಿಯಲ್ಲಿ ನೀರು ಇಳಿದಿದೆ, ಪಂಪಿಗೆ ಎತ್ತಲು ಏನೂ ಸಿಗುತ್ತಿಲ್ಲ ಎಂದು ತಿಳಿದು ಕೆಂಪು ಗುಂಡಿ ಒತ್ತುತ್ತಾರೆ. ಮೇಲೆ ನಿಂತರೆ ಮೋಟಾರಿಗೆ ಹೊರೆ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜು ಕುಸಿದಿದೆ ಎಂದು ಲೆಕ್ಕ.

ಈ ಲೆಕ್ಕವೆಲ್ಲ ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ನಡೆಯುತ್ತದೆ. ಆದರೆ ಅದು ಅಲ್ಲೇ ಏಕೆ ನಿಲ್ಲಬೇಕು? 'ಅಷ್ಟು ಕರೆಂಟು ಹರಿಯುತ್ತಿದೆ, ಅದಕ್ಕೆ' ಎಂದರೆ ಅರ್ಧ ಉತ್ತರವಷ್ಟೇ. ಕರೆಂಟು ಮುಳ್ಳನ್ನು ತಳ್ಳಬಲ್ಲದು, ನಿಲ್ಲಿಸಲಾರದು. ಹತ್ತು ಆಂಪ್ಸ್ ಇರಲಿ, ಒಂದೇ ಆಂಪ್ಸ್ ಇರಲಿ, ಎದುರು ನಿಲ್ಲುವವರು ಯಾರೂ ಇಲ್ಲದಿದ್ದರೆ ಮುಳ್ಳು ನೇರವಾಗಿ ಕೊನೆಯ ತಡೆಗೆ ಹೋಗಿ ಬಡಿಯುತ್ತದೆ. ಜೋರು ಕರೆಂಟಿಗೆ ಬೇಗ, ಸಣ್ಣ ಕರೆಂಟಿಗೆ ನಿಧಾನ, ಇಷ್ಟೇ ವ್ಯತ್ಯಾಸ. ಹಾಗಾಗಿ ಮೀಟರಿನ ಕಥೆ ಅರ್ಥವಾಗಬೇಕಾದರೆ ಮುಳ್ಳನ್ನು ತಳ್ಳುವವರ ಜೊತೆಗೆ ಅದನ್ನು ಹಿಡಿದು ನಿಲ್ಲಿಸುವವರನ್ನೂ ನೋಡಬೇಕು. ನನ್ನ ಮಟ್ಟಿಗೆ ಎರಡನೆಯವರೇ ಮುಖ್ಯ. ನಮ್ಮ ಪಠ್ಯಪುಸ್ತಕಗಳು ಕಾಂತಕ್ಷೇತ್ರಕ್ಕೆ ಪುಟಗಟ್ಟಲೆ ಕೊಟ್ಟು ಸ್ಪ್ರಿಂಗಿಗೆ ಒಂದು ಸಾಲು ಕೊಡುತ್ತವೆ. ಈ ಅಧ್ಯಾಯದಲ್ಲಿ ಸ್ಪ್ರಿಂಗಿಗೆ ಅದರ ಪಾಲು ಸಲ್ಲಬೇಕು.

ತಿರುಗುವ ವಸ್ತುಗಳ ವಿಷಯದಲ್ಲಿ ಬಲ ಎಷ್ಟು ಎಂಬುದೊಂದೇ ಸಾಲದು, ಅದು ಅಚ್ಚಿನಿಂದ ಎಷ್ಟು ದೂರದಲ್ಲಿ ತಾಗುತ್ತಿದೆ ಎಂಬುದೂ ಬೇಕು. ಎರಡನ್ನೂ ಗುಣಿಸಿದಾಗ ಬರುವುದೇ ಟಾರ್ಕ್. ಮುಳ್ಳು ಇರುವುದು ಅಚ್ಚಿನ ಮೇಲೆ, ಅದು ಮಾಡುವುದೆಲ್ಲ ತಿರುಗುವ ಕೆಲಸ. ಆದ್ದರಿಂದ ಮೀಟರಿನೊಳಗಿನ ಎಲ್ಲ ವ್ಯವಹಾರವೂ ಟಾರ್ಕಿನ ಭಾಷೆಯಲ್ಲೇ ನಡೆಯುತ್ತದೆ.

ಮುಳ್ಳು ತಳ್ಳುವ ಕರೆಂಟನ್ನು ಮೊದಲು ಲೋಕಕ್ಕೆ ತೋರಿಸಿದವನು ಕೋಪನ್‌ಹೇಗನ್ನಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್. 1820ರಲ್ಲಿ, ಕರೆಂಟು ಹರಿಯುವ ತಂತಿಯ ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ಸರಿದದ್ದನ್ನು ಆತ ಪ್ರಕಟಿಸಿದ. ಆ ಪ್ರಯೋಗದಲ್ಲಿ ತಳ್ಳುವವನ ಜೊತೆ ತಡೆಯುವವನೂ ಇದ್ದ. ತಂತಿಯ ಕಾಂತಕ್ಷೇತ್ರ ಮುಳ್ಳನ್ನು ಅಡ್ಡಕ್ಕೆ ಎಳೆಯುತ್ತಿದ್ದರೆ ಭೂಮಿಯ ಕಾಂತಕ್ಷೇತ್ರ ಅದನ್ನು ಉತ್ತರಕ್ಕೆ ಎಳೆಯುತ್ತಿತ್ತು. ಎರಡೂ ಟಾರ್ಕ್ ಸಮವಾದ ಕೋನದಲ್ಲಿ ಮುಳ್ಳು ನಿಂತಿತು. ಈ ಸಮತೋಲನವನ್ನೇ ಅಳತೆಗೆ ಬಳಸಿಕೊಂಡದ್ದು ಟ್ಯಾಂಜೆಂಟ್ ಗ್ಯಾಲ್ವನೋಮೀಟರ್. ಫ್ರಾನ್ಸಿನ ಕ್ಲೋಡ್ ಪೂಯೆ 1837ರಲ್ಲಿ ಅದನ್ನು ರೂಪಿಸಿದ. ನೆಟ್ಟಗೆ ನಿಲ್ಲಿಸಿದ ತಂತಿಯ ಬಳೆ, ಅದರ ನಟ್ಟನಡುವೆ ಸಣ್ಣ ದಿಕ್ಸೂಚಿ. ಕರ್ನಾಟಕದಲ್ಲಿ ಪಿಯುಸಿ ವಿಜ್ಞಾನ ಓದಿದ ಬಹಳ ಮಂದಿ ಇದನ್ನು ಲ್ಯಾಬಿನಲ್ಲಿ ಮುಟ್ಟಿದ್ದಾರೆ. ಕೀಲಿಗೊಂಚಲು, ಕಬ್ಬಿಣದ ಸ್ಟೂಲು ದೂರವಿಟ್ಟು, ಬಳೆಯನ್ನು ಉತ್ತರ–ದಕ್ಷಿಣಕ್ಕೆ ಹೊಂದಿಸಿ, ಮುಳ್ಳಿನ ಎರಡೂ ತುದಿಯ ಕೋನ ಬರೆದುಕೊಂಡಿದ್ದಾರೆ.

ಆ ಉಪಕರಣದಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದುದು ಇಡೀ ಭೂಮಿ. ಕೇಳಲು ಭವ್ಯವಾಗಿದೆ, ಬಳಸಲು ಕಷ್ಟ. ಭೂಮಿಯ ಕಾಂತಕ್ಷೇತ್ರದ ಸಮತಲ ಪಾಲು ಊರಿಂದೂರಿಗೆ ಬೇರೆ. ದಕ್ಷಿಣ ಭಾರತದಲ್ಲಿ ಅದು ಲಂಡನ್ನಿನಲ್ಲಿ ಇರುವುದಕ್ಕಿಂತ ಸುಮಾರು ಎರಡರಷ್ಟು. ಆದ್ದರಿಂದ ಬೆಂಗಳೂರಿನಲ್ಲಿ ಮುಳ್ಳನ್ನು 45 ಡಿಗ್ರಿ ತಿರುಗಿಸುವ ಕರೆಂಟು, ಅದೇ ಉಪಕರಣವನ್ನು ಲಂಡನ್ನಿಗೆ ಒಯ್ದರೆ 63 ಡಿಗ್ರಿಯ ಹತ್ತಿರ ತಿರುಗಿಸುತ್ತದೆ. ಕರೆಂಟು ಬದಲಾಗಿಲ್ಲ, ತಡೆಯುವ ಕೈ ಸಡಿಲವಾಗಿದೆ. ಮುಳ್ಳಿನ ಜಾಗದಲ್ಲಿ ಕರೆಂಟಿಗೆ ಎಷ್ಟು ಪಾಲಿದೆಯೋ ತಡೆಗೂ ಅಷ್ಟೇ ಪಾಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಪ್ರಯೋಗಶಾಲೆಯಲ್ಲಿ ಇಂಥದ್ದನ್ನು ಹೇಗೋ ಸಂಭಾಳಿಸಬಹುದು. 1880ರ ದಶಕದಲ್ಲಿ ಡೈನಮೋಗಳು ಊರಿಗೆ ಬೆಳಕು ಕೊಡತೊಡಗಿದಾಗ ಕಷ್ಟ ಶುರುವಾಯಿತು. ಡೈನಮೋ ಎಂದರೆ ದೈತ್ಯ ಅಯಸ್ಕಾಂತ. ಅದು ತಿರುಗುವ ಕೋಣೆಯಲ್ಲಿ ಭೂಮಿಯ ಕ್ಷೀಣ ಕಾಂತಕ್ಷೇತ್ರಕ್ಕೆ ಬೆಲೆಯೇ ಇಲ್ಲ. ಅಲ್ಲಿನ ಕೆಲಸಗಾರನಿಗೆ ಬಳೆ ಹೊಂದಿಸಿ, ಕೋನ ನೋಡಿ, ಕೋಷ್ಟಕ ತೆರೆದು ಗುಣಿಸುವಷ್ಟು ಪುರುಸೊತ್ತೂ ಇರಲಿಲ್ಲ. ಗಡಿಯಾರ ನೋಡಿದಂತೆ ನೋಡಿ ಅಂಕಿ ಹೇಳುವ ಸಾಧನ ಬೇಕಾಗಿತ್ತು.

1882ರಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ದೆಪ್ರೇ ಮತ್ತು ಆರ್ಸೆನ್ ದಾರ್ಸನ್ವಾಲ್ ವ್ಯವಸ್ಥೆಯನ್ನೇ ತಿರುವುಮುರುವು ಮಾಡಿದರು. ಅಯಸ್ಕಾಂತ ಅಲುಗದೆ ಇರಲಿ, ಕರೆಂಟು ಹರಿಯುವ ಸುರುಳಿ ತಿರುಗಲಿ ಎಂದರು. ಇವರಲ್ಲಿ ದಾರ್ಸನ್ವಾಲ್ ವೃತ್ತಿಯಲ್ಲಿ ವೈದ್ಯ. ಸ್ನಾಯು ಮತ್ತು ನರಗಳ ವಿದ್ಯುತ್ತಿನಲ್ಲಿ ಆಸಕ್ತಿ ಇದ್ದವನು. ಅಯಸ್ಕಾಂತ ದೊಡ್ಡದಾಗಿರಬಹುದು, ಬಲವಾಗಿರಬಹುದು, ಏಕೆಂದರೆ ಅದು ಚಲಿಸಬೇಕಾಗಿಲ್ಲ. ಅದರ ಎದುರು ಭೂಮಿಯ ಕಾಂತಕ್ಷೇತ್ರ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಈಗ ಭೂಮಿ ತಡೆ ಒಡ್ಡುವುದಿಲ್ಲವಾದ್ದರಿಂದ ಬೇರೊಂದು ತಡೆ ಬೇಕಾಯಿತು. ಇವರು ಸುರುಳಿಯನ್ನು ತೂಗುಹಾಕಿದ ತಂತಿಯ ತಿರುಚನ್ನೇ ತಡೆಯಾಗಿ ಬಳಸಿದರು.

ಈ ನಾಜೂಕಿನ ಪ್ರಯೋಗಶಾಲೆಯ ಯಂತ್ರವನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದರೂ ಕೆಲಸ ಮಾಡುವ ಮೀಟರನ್ನಾಗಿ ಮಾಡಿದವನು ಎಡ್ವರ್ಡ್ ವೆಸ್ಟನ್. 1850ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 1870ರಲ್ಲಿ ಅಮೆರಿಕಕ್ಕೆ ಹೋದವನು. ನ್ಯೂಜೆರ್ಸಿಯ ನ್ಯೂಆರ್ಕಿನಲ್ಲಿ 1888ರಲ್ಲಿ ಮೀಟರು ತಯಾರಿಸುವ ಕಂಪನಿ ಕಟ್ಟಿದ. ಅವನು ಹೊಸ ನಿಯಮವನ್ನೇನೂ ಕಂಡುಹಿಡಿಯಲಿಲ್ಲ. ಅಯಸ್ಕಾಂತದ ಬಲ ವರ್ಷಗಳು ಉರುಳಿದರೂ ಕುಗ್ಗದಂತೆ ಹದಗೊಳಿಸುವ ವಿಧಾನ, ಬಿಸಿಯಾದರೂ ರೋಧ ಬದಲಾಗದ ಮಿಶ್ರಲೋಹ, ಸುರುಳಿಗೆ ಕರೆಂಟು ಮುಟ್ಟಿಸುವ ಮತ್ತು ಅದೇ ಹೊತ್ತಿಗೆ ಅದನ್ನು ತಡೆದು ಹಿಡಿಯುವ ಹೇರ್‌ಸ್ಪ್ರಿಂಗುಗಳು, ಹೀಗೆ ಒಂದೊಂದನ್ನೇ ಪಟ್ಟು ಹಿಡಿದು ಪಳಗಿಸಿದ. ಇಂದು ಪ್ರಯೋಗಶಾಲೆಗಳ ಮೇಜಿನ ಮೇಲಿರುವ ಮುಳ್ಳಿನ ಮೀಟರುಗಳ ಒಡಲು ಬಹುಮಟ್ಟಿಗೆ ಅವನು ಕಟ್ಟಿದ್ದೇ.

ಅಂಥ ಒಂದು ಮೀಟರಿನ ಗಾಜು ಬಿಚ್ಚಿ ನೋಡೋಣ. ಹಿಂದೆ ಲಾಳಾಕಾರದ ಅಯಸ್ಕಾಂತ. ಅದರ ಎರಡು ಧ್ರುವಗಳಿಗೆ ಮೆದುಕಬ್ಬಿಣದ ತುಂಡುಗಳನ್ನು ಕೂರಿಸಿ, ಒಳಮೈಯನ್ನು ಕಮಾನಿನಂತೆ ಕೊರೆದಿದ್ದಾರೆ. ಆ ಕಮಾನುಗಳ ನಡುವೆ ಒಂದು ಮೆದುಕಬ್ಬಿಣದ ಉರುಳೆ ಅಲುಗದೆ ನಿಂತಿದೆ. ಉರುಳೆಗೂ ಕಮಾನಿಗೂ ನಡುವೆ ಕಿರಿದಾದ ಸಂದು. ಆ ಸಂದಿನಲ್ಲಿ, ಯಾವುದಕ್ಕೂ ತಾಗದಂತೆ, ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಸುರುಳಿ ತಿರುಗುತ್ತದೆ. ಸುರುಳಿಯ ಮೇಲೊಂದು, ಕೆಳಗೊಂದು ಚಪ್ಪಟೆ ಹೇರ್‌ಸ್ಪ್ರಿಂಗ್. ಮುಳ್ಳು ತೆಳು ಅಲ್ಯೂಮಿನಿಯಮ್ಮಿನದು. ಅದರ ಹಿಂಬದಿಯ ಬಾಲದಲ್ಲಿ ಪುಟ್ಟ ತೂಕಗಳಿವೆ, ಮುಳ್ಳಿನ ಭಾರಕ್ಕೆ ಸರಿದೂಗಿಸಲು. ಹಾಗಾಗಿ ಮೀಟರನ್ನು ಮಲಗಿಸಿ, ನಿಲ್ಲಿಸಿ, ಗುರುತ್ವ ಮುಳ್ಳಿನ ವಿಷಯಕ್ಕೆ ಬರುವುದಿಲ್ಲ.

ಕಮಾನು ಮತ್ತು ಉರುಳೆಯ ಉಪಾಯವನ್ನು ಸ್ವಲ್ಪ ನಿಂತು ನೋಡಬೇಕು. ನೇರ ಗೆರೆಗಳ ಸಾಮಾನ್ಯ ಕಾಂತಕ್ಷೇತ್ರದಲ್ಲಿ ಸುರುಳಿ ತಿರುಗುತ್ತಾ ಹೋದಂತೆ ಟಾರ್ಕ್ ಕುಗ್ಗುತ್ತದೆ. ಕಾಲು ಸುತ್ತು ತಿರುಗಿದರೆ ಸೊನ್ನೆಗೆ ಬರುತ್ತದೆ. ಆದರೆ ಕಮಾನು–ಉರುಳೆಯ ಸಂದಿನಲ್ಲಿ ಕಾಂತಗೆರೆಗಳು ಚಕ್ರದ ಅರಗಳಂತೆ ಕೇಂದ್ರದ ಕಡೆಗೆ ಮುಖ ಮಾಡುತ್ತವೆ. ಸುರುಳಿ ಯಾವ ಕೋನದಲ್ಲಿದ್ದರೂ ತಂತಿಗೆ ಸಿಗುವ ಕ್ಷೇತ್ರದ ಬಲವೂ ಅದೇ, ದಿಕ್ಕಿನ ಹೊಂದಾಣಿಕೆಯೂ ಅದೇ. ಅಂದರೆ ಟಾರ್ಕ್ ಕರೆಂಟಿನ ಮೇಲೆ ಮಾತ್ರ ನಿಂತಿದೆ, ಮುಳ್ಳು ಎಲ್ಲಿದೆ ಎಂಬುದರ ಮೇಲೆ ಅಲ್ಲ. ಕಾಂತಕ್ಷೇತ್ರದ ಬಲ, ತಂತಿಯ ಸುತ್ತುಗಳ ಸಂಖ್ಯೆ, ಸುರುಳಿಯ ವಿಸ್ತೀರ್ಣ, ಕರೆಂಟು, ಈ ನಾಲ್ಕನ್ನೂ ಗುಣಿಸಿದರೆ ತಿರುಗಿಸುವ ಟಾರ್ಕ್ ಸಿಗುತ್ತದೆ.

ಎಷ್ಟು ಸಿಗುತ್ತದೆ? ಲೆಕ್ಕ ಹಾಕೋಣ. ಕಾಂತಕ್ಷೇತ್ರ 0.2 ಟೆಸ್ಲಾ, ಸುತ್ತು 50, ಸುರುಳಿ 2 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ, ಕರೆಂಟು ಒಂದು ಮಿಲಿಆಂಪಿಯರ್ ಎಂದುಕೊಳ್ಳಿ. ಟಾರ್ಕ್ ಬರುವುದು ಒಂದು ನ್ಯೂಟನ್–ಮೀಟರಿನ 10 ಲಕ್ಷದಲ್ಲಿ 3 ಪಾಲು. ಒಂದು ಸೆಂಟಿಮೀಟರ್ ಉದ್ದದ ಕಡ್ಡಿಯ ತುದಿಗೆ 30 ಮಿಲಿಗ್ರಾಂ, ಅಂದರೆ ಹತ್ತು ಹನ್ನೆರಡು ರಾಗಿ ಕಾಳು ತೂಗುಬಿಟ್ಟರೆ ಎಷ್ಟು ತಿರುಚಬಲ್ಲುದೋ ಅಷ್ಟು. ಮೀಟರಿನ ಒಡಲಿನಲ್ಲಿ ದುಡಿಯುವ ಶಕ್ತಿ ಇಷ್ಟೇ. ಇಷ್ಟರಲ್ಲೇ ಸುರುಳಿ ತಿರುಗಬೇಕು, ಮುಳ್ಳು ಎತ್ತಬೇಕು, ಸ್ಪ್ರಿಂಗ್ ಸುತ್ತಬೇಕು. ಮೀಟರು ಕಟ್ಟುವವರು ಧೂಳಿಗೆ ಏಕೆ ಅಷ್ಟು ಹೆದರುತ್ತಾರೆ ಎಂಬುದು ಈ ಅಂಕಿಯಿಂದ ತಿಳಿಯುತ್ತದೆ. ಸಂದಿನೊಳಗೆ ಸಿಕ್ಕಿಕೊಂಡ ಒಂದು ಕಬ್ಬಿಣದ ಅರಪುಡಿ ಸಾಕು, ಮುಳ್ಳು ನಡುದಾರಿಯಲ್ಲಿ ಹಿಡಿದು ನಿಲ್ಲುತ್ತದೆ.

ಈಗ ಸ್ಪ್ರಿಂಗಿನ ಸರದಿ. ಸುರುಳಿ ತಿರುಗಿದಷ್ಟೂ ಹೇರ್‌ಸ್ಪ್ರಿಂಗ್ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಹಿಂದಕ್ಕೆ ಎಳೆಯುತ್ತದೆ. 10 ಡಿಗ್ರಿಗೆ ಒಂದು ಪಾಲು ಎಳೆತವಾದರೆ 20 ಡಿಗ್ರಿಗೆ ಎರಡು ಪಾಲು, 90ಕ್ಕೆ ಒಂಬತ್ತು ಪಾಲು. ಲಂಡನ್ನಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವೇ ಇದು. ಕರೆಂಟಿನ ಟಾರ್ಕ್ ಮುಳ್ಳಿನ ಜಾಗವನ್ನು ಲೆಕ್ಕಿಸದೆ ಒಂದೇ ಸಮ ತಳ್ಳುತ್ತಿರುತ್ತದೆ. ಸ್ಪ್ರಿಂಗಿನ ಟಾರ್ಕ್ ಹೆಜ್ಜೆ ಹೆಜ್ಜೆಗೂ ಏರುತ್ತದೆ. ಎರಡೂ ಸಮವಾಗುವ ಕೋನ ಒಂದೇ ಒಂದು. ಮುಳ್ಳು ನಿಲ್ಲುವ ಜಾಗ ಅದು. ಕರೆಂಟು ಎರಡರಷ್ಟಾದರೆ ಸ್ಪ್ರಿಂಗ್ ಎರಡರಷ್ಟು ಸುತ್ತಿಕೊಂಡ ಮೇಲೆಯೇ ಸಮ ಬರುತ್ತದೆ. ಆದ್ದರಿಂದಲೇ ಈ ಮೀಟರಿನ ಮುಖದ ಮೇಲಿನ ಗೆರೆಗಳು ಸೊನ್ನೆಯಿಂದ ಕೊನೆಯವರೆಗೆ ಒಂದೇ ಅಂತರದಲ್ಲಿರುತ್ತವೆ. ಸರಿಯಾಗಿ ಹೇಳಬೇಕೆಂದರೆ ಮುಳ್ಳು ತೋರಿಸುತ್ತಿರುವುದು ಸ್ಪ್ರಿಂಗ್ ಎಷ್ಟು ಸುತ್ತಿಕೊಂಡಿದೆ ಎಂಬುದನ್ನು. ಅದಕ್ಕೆ ಇಷ್ಟು ಮಿಲಿಆಂಪಿಯರ್ ಎಂಬ ಹೆಸರು ಕೊಟ್ಟವರು ಕಾರ್ಖಾನೆಯಲ್ಲಿ ಗೆರೆ ಎಳೆದವರು.

ಸ್ಪ್ರಿಂಗಿಗೆ ಇನ್ನೊಂದು ಕೆಲಸವೂ ಇದೆ. ಕರೆಂಟು ನಿಂತಾಗ ಮುಳ್ಳನ್ನು ಸೊನ್ನೆಗೆ ಕರೆತರಬೇಕು. ಗಾಜಿನ ಕೆಳಗೆ, ಮುಳ್ಳಿನ ಬುಡದ ಬಳಿ ಕಾಣುವ ಸಣ್ಣ ಸ್ಕ್ರೂ ಇದಕ್ಕೆ ಸೇರಿದ್ದು. ತಿರುಗಿಸಿದರೆ ಸ್ಪ್ರಿಂಗಿನ ಹೊರತುದಿ ಚೂರು ಸರಿದು ಮುಳ್ಳು ಸೊನ್ನೆಯ ಗೆರೆಗೆ ಕೂಡುತ್ತದೆ.

ಈ ಸ್ಪ್ರಿಂಗುಗಳನ್ನು ಹೆಚ್ಚಾಗಿ ಮಾಡುವುದು ಫಾಸ್ಫರ್ ಬ್ರಾಂಜಿನಿಂದ. ಉಕ್ಕು ಆಗದು, ಅಯಸ್ಕಾಂತ ಅದನ್ನು ಎಳೆಯುತ್ತದೆ. ಲಕ್ಷಾಂತರ ಸಲ ಸುತ್ತಿ ಬಿಚ್ಚಿದರೂ ದಣಿಯಬಾರದು, ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡಬಾರದು. ಮೇಲಿನ ಸ್ಪ್ರಿಂಗನ್ನು ಒಂದು ದಿಕ್ಕಿಗೆ, ಕೆಳಗಿನದನ್ನು ಎದುರು ದಿಕ್ಕಿಗೆ ಸುತ್ತಿರುತ್ತಾರೆ. ಬಿಸಿಲಿಗೆ ಲೋಹ ಹಿಗ್ಗಿದಾಗ ಒಂದು ಎಡಕ್ಕೆ ತಳ್ಳಿದರೆ ಇನ್ನೊಂದು ಬಲಕ್ಕೆ ತಳ್ಳುತ್ತದೆ, ಸೊನ್ನೆ ಕದಲುವುದಿಲ್ಲ. ಇಷ್ಟಾದರೂ ಬಿಸಿ ತನ್ನ ಪಾಲು ಕೇಳದೆ ಬಿಡುವುದಿಲ್ಲ. ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸ್ಪ್ರಿಂಗಿನ ಬಿಗುವು ಸುಮಾರು ಶೇ. 0.04ರಷ್ಟು ಸಡಿಲಾಗುತ್ತದೆ, ಅದರಿಂದ ಮುಳ್ಳು ಮುಂದೆ ಹೋಗುತ್ತದೆ. ಅಯಸ್ಕಾಂತದ ಬಲ ಸುಮಾರು ಶೇ. 0.02ರಷ್ಟು ಇಳಿಯುತ್ತದೆ, ಅದರಿಂದ ಮುಳ್ಳು ಹಿಂದೆ ಬರುತ್ತದೆ. ಉಳಿಯುವುದು ಶೇ. 0.02. ಮಡಿಕೇರಿಯ ಮಳೆಗಾಲದ 20 ಡಿಗ್ರಿಯಿಂದ ರಾಯಚೂರಿನ ಬೇಸಿಗೆಯ 40 ಡಿಗ್ರಿಗೆ ಮೀಟರು ಒಯ್ದರೆ ಇದರಿಂದಾಗುವ ತಪ್ಪು ಶೇ. 0.4 ಮಾತ್ರ. ತಾಮ್ರದ ಸುರುಳಿಯ ರೋಧ ಮಾತ್ರ ಡಿಗ್ರಿಗೆ ಶೇ. 0.4ರಂತೆ ಏರಿ, ಅದೇ 20 ಡಿಗ್ರಿಗೆ ಶೇ. 8 ಆಗಿಬಿಡುತ್ತದೆ. ಆದ್ದರಿಂದ ವೋಲ್ಟ್‌ಮೀಟರಿನಲ್ಲಿ ಸುರುಳಿಯ ಜೊತೆಗೆ ಅದರ ಹಲವಾರು ಪಟ್ಟು ದೊಡ್ಡದಾದ, ಮ್ಯಾಂಗನಿನ್ ಎಂಬ ಮಿಶ್ರಲೋಹದ ರೋಧವನ್ನು ಸಾಲಾಗಿ ಜೋಡಿಸುತ್ತಾರೆ. ಮ್ಯಾಂಗನಿನ್ ಬಿಸಿಗೆ ಅಲುಗುವುದಿಲ್ಲ. ತಾಮ್ರದ ಏರಿಳಿತ ಅದರಲ್ಲಿ ಮುಳುಗಿಹೋಗುತ್ತದೆ.

ಸ್ಪ್ರಿಂಗಿನ ಬದಲು ಗುರುತ್ವವನ್ನೇ ತಡೆಯಾಗಿ ಬಳಸಿದ ಮೀಟರುಗಳೂ ಇದ್ದವು. ಅಚ್ಚಿಗೆ ಒಂದು ಸಣ್ಣ ತೂಕ ತೂಗುಬಿಟ್ಟರೆ ಮುಳ್ಳು ಸರಿದಾಗ ತೂಕ ಪಕ್ಕಕ್ಕೆ ಏಳುತ್ತದೆ, ಇಳಿಯಲು ಹವಣಿಸುತ್ತದೆ. ಅಗ್ಗ, ದಣಿವಿಲ್ಲ, ಬಿಸಿಗೆ ಬದಲಾಗದು. ಆದರೆ ಮೀಟರು ಗೋಡೆಗೆ ಸರಿಯಾಗಿ ನೆಟ್ಟಗೆ ಕೂತಿರಬೇಕು, ಗೆರೆಗಳ ಅಂತರವೂ ಒಂದೇ ಸಮ ಬಾರದು. ಸ್ಪ್ರಿಂಗಿನ ಎದುರು ಅದು ನಿಲ್ಲಲಿಲ್ಲ.

ಇಲ್ಲಿಯವರೆಗೆ ಯಾರೂ ಕರೆಯದೆ ಬಂದು ಕೂತ ಟಾರ್ಕ್ ಒಂದಿದೆ, ಘರ್ಷಣೆಯದು. ಮೀಟರಿನ ಅಚ್ಚಿನ ತುದಿಗಳನ್ನು ಸೂಜಿಯಂತೆ ಚೂಪು ಮಾಡಿ, ನೀಲಮಣಿಯ ಪುಟ್ಟ ಬಟ್ಟಲಲ್ಲಿ ಕೂರಿಸುತ್ತಾರೆ. ಈಗ ಕೃತಕ ನೀಲಮಣಿ. ತುದಿ ಚೂಪಾದಷ್ಟೂ ಘರ್ಷಣೆಯ ತೋಳು ಕಿರಿದಾಗುತ್ತದೆ, ಟಾರ್ಕ್ ಕಡಿಮೆಯಾಗುತ್ತದೆ. ಆದರೆ ಚೂಪಿಗೆ ತೆರಬೇಕಾದ ಬೆಲೆ ಇದೆ. ತಿರುಗುವ ಭಾಗದ ತೂಕ 0.3 ಗ್ರಾಂ, ಅದು ತಾಗುವ ಚುಕ್ಕೆಯ ವ್ಯಾಸ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಎಂದರೆ ಆ ಚುಕ್ಕೆಯ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 380 ಕಿಲೋ. ಮೀಟರನ್ನು ಮೇಜಿನಿಂದ ಕೆಡವಿದರೆ ಕ್ಷಣಮಾತ್ರಕ್ಕೆ ಇದರ ಎಷ್ಟೋ ಪಟ್ಟು ಬೀಳುತ್ತದೆ. ಗಾಜು ಒಡೆದಿರುವುದಿಲ್ಲ, ಮುಳ್ಳು ಬಾಗಿರುವುದಿಲ್ಲ, ಆದರೆ ಸೂಜಿಯ ಮೊನೆ ಚಪ್ಪಟೆಯಾಗಿರುತ್ತದೆ. ಅಂದಿನಿಂದ ಆ ಮೀಟರು ಒಂದೇ ಕರೆಂಟಿಗೆ ಏರುವಾಗ ಒಂದು ಅಂಕಿ, ಇಳಿಯುವಾಗ ಇನ್ನೊಂದು ಅಂಕಿ ಹೇಳುತ್ತದೆ. ಹಳೆಯ ಲ್ಯಾಬ್ ಸಹಾಯಕರು ಓದುವ ಮೊದಲು ಗಾಜಿನ ಮೇಲೆ ಬೆರಳಿನಿಂದ ಮೆತ್ತಗೆ ತಟ್ಟುತ್ತಿದ್ದುದು ಈ ಕಾರಣಕ್ಕೆ. ಆ ಅದುರಿಗೆ ಘರ್ಷಣೆಯ ಹಿಡಿತ ಬಿಟ್ಟು ಮುಳ್ಳು ತನ್ನ ಜಾಗಕ್ಕೆ ಹೋಗುತ್ತದೆ.

ಘರ್ಷಣೆಯ ಟಾರ್ಕ್ ಇಡೀ ಓಟದುದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮುಳ್ಳು ಕೊನೆಯಲ್ಲಿರುವಾಗ ತಳ್ಳುವ ಟಾರ್ಕಿನ ಎದುರು ಅದು ನಗಣ್ಯ, ಸೊನ್ನೆಯ ಬಳಿ ಗಣ್ಯ. ಮೀಟರಿನ ಮುಖದ ಮೂಲೆಯಲ್ಲಿ 1.5 ಎಂದು ಬರೆದಿರುವುದು ತಪ್ಪಿನ ಮಿತಿ, ಅದೂ ಪೂರ್ಣ ಓಟದ ಶೇಕಡಾ ಲೆಕ್ಕದಲ್ಲಿ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 300 ವೋಲ್ಟಿನ ಮೀಟರಿನಲ್ಲಿ ಅದು ನಾಲ್ಕೂವರೆ ವೋಲ್ಟ್. 240 ವೋಲ್ಟ್ ಓದುವಾಗ ನಾಲ್ಕೂವರೆ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಅದೇ ಮೀಟರಿನಲ್ಲಿ 30 ವೋಲ್ಟ್ ಓದಿದರೆ ಶೇ. 15ರಷ್ಟು ತಪ್ಪಿಗೆ ಅವಕಾಶ ಇದೆ. ಮುಳ್ಳು ಓಟದ ಕೊನೆಯ ಅರ್ಧದಲ್ಲಿ ನಿಲ್ಲುವಂಥ ಮೀಟರನ್ನೇ ಆರಿಸಿಕೊಳ್ಳಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೆ.

ತಳ್ಳುವ ಟಾರ್ಕ್ ಆಯಿತು, ಹಿಡಿಯುವ ಟಾರ್ಕ್ ಆಯಿತು. ಇವೆರಡೇ ಇದ್ದರೆ ಏನಾಗುತ್ತದೆ? ಕರೆಂಟು ಬಂದ ಕ್ಷಣ ಸ್ಪ್ರಿಂಗ್ ಇನ್ನೂ ಸಡಿಲ, ಮುಳ್ಳು ವೇಗ ಪಡೆಯುತ್ತದೆ. ಸಮತೋಲನದ ಜಾಗಕ್ಕೆ ಬರುವ ಹೊತ್ತಿಗೆ ಅದಕ್ಕೆ ಅತಿ ಹೆಚ್ಚಿನ ವೇಗ ಬಂದಿರುತ್ತದೆ. ಎರಡೂ ಟಾರ್ಕ್ ಅಲ್ಲಿ ಸಮ, ಆದರೆ ವೇಗವನ್ನು ಕಳೆಯುವವರಿಲ್ಲ. ಮುಳ್ಳು ಆ ಜಾಗ ದಾಟಿ ಮುಂದೆ ಹೋಗುತ್ತದೆ, ಸ್ಪ್ರಿಂಗ್ ಎಳೆಯುತ್ತದೆ, ಹಿಂದೆ ಬಂದು ಮತ್ತೆ ದಾಟುತ್ತದೆ. ಹೀಗೆ ತೂಗಾಡುತ್ತಲೇ ಇರುತ್ತದೆ. ಪಂಪ್ ಮೋಟಾರಿನ ಕರೆಂಟು ನೋಡಲು ರೈತ ಈ ತೂಗಾಟ ತಣ್ಣಗಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಕರೆಂಟೇ ಬದಲಾಗಿರುತ್ತದೆ. ಆದ್ದರಿಂದ ಮೂರನೆಯ ಟಾರ್ಕ್ ಬೇಕು, ತೂಗಾಟದ ಶಕ್ತಿಯನ್ನು ಹೀರಿಕೊಳ್ಳುವ ಡ್ಯಾಂಪಿಂಗ್ ಟಾರ್ಕ್.

ಈ ಮೂರನೆಯದರ ಸ್ವಭಾವ ಅದ್ಭುತವಾದದ್ದು. ಘರ್ಷಣೆಯೂ ಚಲನೆಯನ್ನು ತಡೆಯುತ್ತದೆ, ಇದೂ ತಡೆಯುತ್ತದೆ. ಆದರೆ ಘರ್ಷಣೆ ಮುಳ್ಳು ನಿಂತ ಮೇಲೂ ಹಿಡಿದುಕೊಂಡಿರುತ್ತದೆ. ಜಾಗ ತಪ್ಪಿಸಿ ನಿಲ್ಲಿಸಿಬಿಡುತ್ತದೆ. ಡ್ಯಾಂಪಿಂಗ್ ವೇಗಕ್ಕೆ ತಕ್ಕಂತೆ ಇರುತ್ತದೆ. ಮುಳ್ಳು ಓಡಿದರೆ ಜೋರು, ನಡೆದರೆ ಮೆಲ್ಲಗೆ, ನಿಂತರೆ ಪೂರಾ ಇಲ್ಲ. ಓದುವ ಹೊತ್ತಿಗೆ ಅದು ಮೀಟರಿನಲ್ಲಿ ಎಲ್ಲೂ ಇರುವುದಿಲ್ಲ, ಹಾಗಾಗಿ ಓದಿಗೆ ಅದರಿಂದ ಕಿಂಚಿತ್ತೂ ಕೇಡಿಲ್ಲ. ಮೀಟರು ಕಟ್ಟುವವರು ಒಂದು ತಡೆಯನ್ನು ತೆಗೆಯಲು ನೀಲಮಣಿ ಹುಡುಕಿ, ಇನ್ನೊಂದು ತಡೆಯನ್ನು ತಾವಾಗಿಯೇ ಸೇರಿಸುವುದು ಈ ವ್ಯತ್ಯಾಸದಿಂದ.

ಸುರುಳಿಯ ಮೀಟರಿನಲ್ಲಿ ಇದಕ್ಕೆ ಬೇರೆ ಭಾಗವೇ ಬೇಕಿಲ್ಲ. ತಂತಿ ಸುತ್ತಿದ ಅಲ್ಯೂಮಿನಿಯಂ ಚೌಕಟ್ಟೇ ಆ ಕೆಲಸ ಮಾಡುತ್ತದೆ. ಇದರ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ತಾಮ್ರದ ತಟ್ಟೆಯ ಮೇಲೆ ತೂಗಾಡುವ ಅಯಸ್ಕಾಂತದ ಮುಳ್ಳು ಬೇಗ ನಿಶ್ಚಲವಾಗುತ್ತದೆ ಎಂಬುದನ್ನು ಫ್ರಾನ್ಸಿನ ಫ್ರಾಂಸ್ವಾ ಅರಾಗೋ 1824ರಲ್ಲಿ ಗಮನಿಸಿದ್ದ. ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ, ಹಾಗಿದ್ದರೆ ಹಿಡಿದದ್ದು ಯಾವುದು ಎಂಬುದು ಏಳು ವರ್ಷ ಒಗಟಾಗಿತ್ತು. 1831ರಲ್ಲಿ ಮೈಕೇಲ್ ಫ್ಯಾರಡೆ ಬಿಡಿಸಿದ. ಕಾಂತಕ್ಷೇತ್ರ ಮತ್ತು ಲೋಹ ಒಂದರ ಎದುರು ಒಂದು ಸರಿದರೆ ಲೋಹದಲ್ಲಿ ಕರೆಂಟು ಹುಟ್ಟುತ್ತದೆ. ಆ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಚಲನೆ ನಿಂತರೆ ಕರೆಂಟೂ ಇಲ್ಲ, ವಿರೋಧವೂ ಇಲ್ಲ.

ಇದನ್ನು ಯಾವ ಕಾಲೇಜಿನ ಲ್ಯಾಬಿನಲ್ಲಾದರೂ ಕಣ್ಣಾರೆ ನೋಡಬಹುದು. ಒಂದು ಸೂಕ್ಷ್ಮ ಗ್ಯಾಲ್ವನೋಮೀಟರ್ ತೆಗೆದುಕೊಂಡು, ಯಾವ ತಂತಿಯನ್ನೂ ಜೋಡಿಸದೆ ಮೆಲ್ಲಗೆ ಅಲುಗಿಸಿ. ಮುಳ್ಳು ಸೊನ್ನೆಯ ಎರಡೂ ಬದಿಗೆ ಓಲಾಡುತ್ತದೆ. ಈಗ ಅದರ ಎರಡು ಟರ್ಮಿನಲ್‌ಗಳ ನಡುವೆ ಒಂದು ತಾಮ್ರದ ತಂತಿ ಬಿಗಿದು ಮತ್ತೆ ಅಲುಗಿಸಿ. ಮುಳ್ಳು ಭಾರವಾದಂತೆ ನಿಧಾನಕ್ಕೆ ಸರಿದು, ಓಲಾಡದೆ ನಿಲ್ಲುತ್ತದೆ. ಒಳಗೆ ಏನನ್ನೂ ಮುಟ್ಟಿಲ್ಲ, ಬ್ಯಾಟರಿ ಇಲ್ಲ. ತಂತಿ ಬಿಗಿದದ್ದರಿಂದ ಸುರುಳಿಯಲ್ಲಿ ಹುಟ್ಟುವ ಕರೆಂಟಿಗೆ ಹರಿಯಲು ದಾರಿ ಸಿಕ್ಕಿತು, ಅದು ಬ್ರೇಕು ಹಾಕಿತು. ಸೂಕ್ಷ್ಮ ಮೀಟರುಗಳನ್ನು ದೂರದ ಊರಿಗೆ ಕಳಿಸುವಾಗ ಟರ್ಮಿನಲ್‌ಗಳಿಗೆ ತಂತಿ ಬಿಗಿದು ಕಳಿಸುವ ರೂಢಿ ಇದೇ ಕಾರಣಕ್ಕೆ ಬಂದದ್ದು. ಲಾರಿಯ ಕುಲುಕಾಟಕ್ಕೆ ಮುಳ್ಳು ಬಡಿದಾಡುವುದು ತಪ್ಪುತ್ತದೆ.

ಡ್ಯಾಂಪಿಂಗ್ ಎಷ್ಟಿರಬೇಕು ಎಂಬುದು ಸೂಕ್ಷ್ಮದ ಪ್ರಶ್ನೆ. ಜಾಸ್ತಿಯಾದರೆ ಮುಳ್ಳು ತೆವಳುತ್ತದೆ. ಓಲಾಟವೇ ಇಲ್ಲದೆ ಅತಿ ಬೇಗ ತಲುಪುವ ಒಂದು ಗಡಿ ಇದೆ, ಕ್ರಾಂತಿಕ ಡ್ಯಾಂಪಿಂಗ್ ಎನ್ನುತ್ತಾರೆ. ಅದೇ ಅತ್ಯುತ್ತಮ ಎಂದು ತೋರುತ್ತದೆ. ಆದರೆ ಪಳಗಿದ ತಯಾರಕರು ಅದಕ್ಕಿಂತ ಒಂದಿಷ್ಟು ಕಡಿಮೆಯೇ ಇಡುತ್ತಾರೆ. ಮುಳ್ಳು ತನ್ನ ಜಾಗವನ್ನು ಕೂದಲೆಳೆಯಷ್ಟು ದಾಟಿ ಹಿಂದೆ ಬಂದು ನಿಲ್ಲಬೇಕು. ಹಾಗೆ ದಾಟಿ ಬಂದರೆ ಅದು ಘರ್ಷಣೆಗೆ ಸಿಕ್ಕಿ ನಡುವೆ ನಿಂತದ್ದಲ್ಲ, ಸಮತೋಲನಕ್ಕೆ ಬಂದು ನಿಂತದ್ದು ಎಂದು ನೋಡುವವನಿಗೆ ಖಾತ್ರಿಯಾಗುತ್ತದೆ. ಇಂಥ ಒಂದು ತೀರ್ಮಾನದಲ್ಲಿ ಗಣಿತಕ್ಕಿಂತ ಕೈಯನುಭವ ಮುಂದಿರುವುದು ನನಗೆ ಬಹಳ ಮೆಚ್ಚುಗೆಯಾಗುವ ಸಂಗತಿ.

ಪಂಪ್‌ಮನೆಯ ಮೀಟರು ಮಾತ್ರ ಸಾಮಾನ್ಯವಾಗಿ ಈ ಜಾತಿಯದಲ್ಲ. ಅಲ್ಲಿರುವುದು ಎಸಿ, ಸೆಕೆಂಡಿಗೆ 50 ಆವರ್ತ. ಸುರುಳಿಯ ಮೀಟರಿಗೆ ಕೊಟ್ಟರೆ ಟಾರ್ಕ್ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಬದಲಾಗುತ್ತಾ ಸರಾಸರಿ ಸೊನ್ನೆಯಾಗುತ್ತದೆ; ಮುಳ್ಳು ಸೊನ್ನೆಯಲ್ಲೇ ನಡುಗುತ್ತದೆ. ಆದ್ದರಿಂದ ಅಲ್ಲಿ ಕಬ್ಬಿಣದ ಪಟ್ಟಿಯ ಮೀಟರು. ಅಲುಗದ ಸುರುಳಿಯ ಒಳಗೆ ಎರಡು ಕಬ್ಬಿಣದ ಪಟ್ಟಿ. ಒಂದು ನಿಂತದ್ದು, ಒಂದು ಮುಳ್ಳಿನ ಅಚ್ಚಿಗೆ ಅಂಟಿದ್ದು. ಕರೆಂಟು ಹರಿದಾಗ ಎರಡೂ ಒಂದೇ ರೀತಿಯ ಅಯಸ್ಕಾಂತಗಳಾಗಿ ಒಂದನ್ನೊಂದು ದೂಡುತ್ತವೆ. ಕರೆಂಟಿನ ದಿಕ್ಕು ಬದಲಾದರೆ ಎರಡರ ಧ್ರುವಗಳೂ ಬದಲಾಗುತ್ತವೆ, ದೂಡಾಟ ಮುಂದುವರಿಯುತ್ತದೆ. ಈ ಟಾರ್ಕ್ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕರೆಂಟು ಅರ್ಧವಾದರೆ ಟಾರ್ಕ್ ಕಾಲುಭಾಗ. ಅಂಥ ಮೀಟರಿನ ಮುಖ ನೋಡಿದರೆ ಸೊನ್ನೆಯ ಬಳಿ ಗೆರೆಗಳು ಒತ್ತೊತ್ತಾಗಿ ಸೇರಿರುವುದು ಕಾಣುತ್ತದೆ.

ಎಸಿಯಲ್ಲಿ ಈ ಟಾರ್ಕ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮುಳ್ಳಿನ ಜಡತ್ವ ಅಷ್ಟು ಚುರುಕಿಗೆ ಓಗೊಡದೆ ಸರಾಸರಿಗೆ ನೆಲೆಸುತ್ತದೆ. ವರ್ಗಗಳ ಸರಾಸರಿಗೆ ಅದು ನೆಲೆಸುವುದರಿಂದ, ಗೆರೆ ಎಳೆಯುವಾಗ ವರ್ಗಮೂಲದ ಲೆಕ್ಕದಲ್ಲಿ ಎಳೆದರೆ ಸಾಕು, ನಾವು ಬಳಸುವ 230 ವೋಲ್ಟ್ ಎಂಬ ಅಂಕಿ ತಾನಾಗಿ ಸಿಗುತ್ತದೆ. ವಾಸ್ತವದಲ್ಲಿ ಆ ವೋಲ್ಟೇಜು 325ರವರೆಗೆ ಏರಿ ಇಳಿಯುತ್ತಿರುತ್ತದೆ. ಈ ಮೀಟರುಗಳಲ್ಲಿ ಡ್ಯಾಂಪಿಂಗಿಗೆ ಗಾಳಿಯನ್ನು ಬಳಸುತ್ತಾರೆ, ಮುಚ್ಚಿದ ಕೋಣೆಯಲ್ಲಿ ಸರಿದಾಡುವ ಹಗುರ ರೆಕ್ಕೆಯಿಂದ. ಒಳಗಿನ ಕಾಂತಕ್ಷೇತ್ರ ಮೊದಲೇ ಬಡಕಲು, ಪಕ್ಕದಲ್ಲಿ ಬ್ರೇಕಿಗೆಂದು ಅಯಸ್ಕಾಂತ ಇಟ್ಟರೆ ಓದು ಕೆಡುತ್ತದೆ.

ಮೂರು ಟಾರ್ಕುಗಳಲ್ಲಿ ಒಂದನ್ನು ಬೇಕೆಂದೇ ತೆಗೆದರೆ ಇನ್ನೊಂದು ಬಗೆಯ ಉಪಕರಣ ಹುಟ್ಟುತ್ತದೆ. ಡ್ಯಾಂಪಿಂಗನ್ನು ಸಾಧ್ಯವಾದಷ್ಟು ಕಡಿಮೆ ಮಾಡಿದರೆ ಬ್ಯಾಲಿಸ್ಟಿಕ್ ಗ್ಯಾಲ್ವನೋಮೀಟರ್. ಕಂಡೆನ್ಸರ್ ಒಂದೇ ಏಟಿಗೆ ಖಾಲಿಯಾದಾಗ ಮುಳ್ಳಿನ ಮೊದಲ ಜಿಗಿತವೇ ಹರಿದ ವಿದ್ಯುದಂಶದ ಅಳತೆ. ಮನೆಯ ಗೋಡೆಯ ಮೇಲಿದ್ದ ಹಳೆಯ ಕರೆಂಟ್ ಮೀಟರಿನಲ್ಲಿ ಸ್ಪ್ರಿಂಗೇ ಇಲ್ಲ. ಅದರ ಅಲ್ಯೂಮಿನಿಯಂ ತಟ್ಟೆಯನ್ನು ಎರಡು ವಿದ್ಯುತ್ಕಾಂತಗಳು ತಿರುಗಿಸುತ್ತವೆ, ಒಂದು ವೋಲ್ಟೇಜಿನದು, ಒಂದು ಕರೆಂಟಿನದು. ತಡೆಯುವ ಸ್ಪ್ರಿಂಗ್ ಇಲ್ಲದ್ದರಿಂದ ತಟ್ಟೆ ಎಲ್ಲೂ ನಿಲ್ಲದೆ ಸುತ್ತುತ್ತದೆ. ಪಕ್ಕದಲ್ಲಿ ತಟ್ಟೆಯನ್ನು ನಡುವೆ ಇಟ್ಟುಕೊಂಡ ಶಾಶ್ವತ ಅಯಸ್ಕಾಂತವೊಂದು ಬ್ರೇಕು ಹಾಕುತ್ತದೆ, ವೇಗಕ್ಕೆ ತಕ್ಕ ಬ್ರೇಕು. ಬಳಸುವ ಪವರ್ ಎರಡರಷ್ಟಾದರೆ ತಟ್ಟೆ ಎರಡರಷ್ಟು ವೇಗ ಪಡೆದ ಮೇಲೆಯೇ ಬ್ರೇಕು ಸಮಕ್ಕೆ ಬರುತ್ತದೆ. ಸುತ್ತು ಎಣಿಸಿದರೆ ಯೂನಿಟ್ಟು. ಯೂನಿಟ್ಟಿಗೆ 1200 ಸುತ್ತಿನ ಮೀಟರಿನಲ್ಲಿ 100 ವ್ಯಾಟಿನ ಒಂದು ಬಲ್ಬು ಉರಿದರೆ ತಟ್ಟೆ ಅರ್ಧ ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಮುಳ್ಳಿನ ಮೀಟರಿನಲ್ಲಿ ನಿಂತ ಮೇಲೆ ಮಾಯವಾಗುತ್ತಿದ್ದ ಡ್ಯಾಂಪಿಂಗ್ ಇಲ್ಲಿ ತಾನೇ ಅಳತೆಗೋಲು. ಆ ಅಯಸ್ಕಾಂತವನ್ನು ತಟ್ಟೆಯ ಅಂಚಿನ ಕಡೆಗೆ ಚೂರು ಸರಿಸಿದರೆ ಬ್ರೇಕು ಬಿಗಿಯಾಗಿ ಮೀಟರು ನಿಧಾನವಾಗುತ್ತದೆ, ಒಳಕ್ಕೆ ಸರಿಸಿದರೆ ಚುರುಕಾಗುತ್ತದೆ. ಮೀಟರಿನ ಓಟವನ್ನು ತಿದ್ದುತ್ತಿದ್ದುದು ಹೀಗೆಯೇ.

ವೈರಿಂಗಿನ ಇನ್ಸುಲೇಶನ್ ಪರೀಕ್ಷಿಸುವ, ಕೈಯಲ್ಲಿ ಹಿಡಿಕೆ ತಿರುಗಿಸುವ ಮೆಗ್ಗರ್‌ನಲ್ಲೂ ಸ್ಪ್ರಿಂಗಿಲ್ಲ. ಅದರ ಅಚ್ಚಿಗೆ ಒಂದಕ್ಕೊಂದು ಓರೆಯಾಗಿ ಎರಡು ಸುರುಳಿ ಇವೆ. ಒಂದು ಸುರುಳಿಯ ಕರೆಂಟು ಹಿಡಿಕೆ ಹುಟ್ಟಿಸುವ ವೋಲ್ಟೇಜಿನಿಂದ ನೇರ ಬರುತ್ತದೆ, ಇನ್ನೊಂದರದ್ದು ಪರೀಕ್ಷಿಸುವ ವೈರಿನ ಮೂಲಕ ಬರುತ್ತದೆ. ಎರಡೂ ಮುಳ್ಳನ್ನು ಎದುರುಬದುರು ದಿಕ್ಕಿಗೆ ತಿರುಗಿಸುತ್ತವೆ. ಹಿಡಿಕೆಯ ವೇಗ ತುಸು ತಗ್ಗಿದರೆ ಎರಡು ಕರೆಂಟೂ ಒಂದೇ ಪ್ರಮಾಣದಲ್ಲಿ ತಗ್ಗುತ್ತವೆ, ಸಮತೋಲನದ ಜಾಗ ಕದಲುವುದಿಲ್ಲ. ಹಿಡಿಕೆ ನಿಂತಾಗ ತಳ್ಳುವವರೂ ಇಲ್ಲ, ಎಳೆಯುವವರೂ ಇಲ್ಲ. ಮುಳ್ಳು ಓಟದ ಯಾವ ಜಾಗದಲ್ಲಾದರೂ ಉಳಿಯಬಹುದು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ನೋಡಿ ಮೆಗ್ಗರ್ ಕೆಟ್ಟಿದೆ ಎಂದುಕೊಳ್ಳುವುದುಂಟು. ಅದು ಕೆಟ್ಟಿರುವುದಿಲ್ಲ. ಹಿಡಿಕೆ ತಿರುಗಿಸಿ, ಎರಡು ತಂತಿಯ ತುದಿಗಳನ್ನು ಕೂಡಿಸಿದಾಗ ಮುಳ್ಳು ಸೊನ್ನೆಗೂ ಬಿಡಿಸಿದಾಗ ಅನಂತದ ಗುರುತಿಗೂ ಹೋಗುತ್ತದೆಯೇ ಎಂದಷ್ಟೇ ನೋಡಿ ಕೆಲಸ ಶುರುಮಾಡಬಹುದು.